ಚಿತ್ರಕಾರ ಕೆ. ವೆಂಕಟಪ್ಪನವರು

ಸಂಕ್ರಾಂತಿಯ ಮುಂಜಾನೆ ಮೆಹದಿಪಟ್ಟಣದ ಓಣಿಗಳಲ್ಲಿ ಕಾಲಿಡಲು ಸ್ಥಳ ದೊರೆಯುವುದೇ ಕಷ್ಟ. ಮನೆಮನೆಯ ಮುಂದೆ ಹೆಣ್ಣುಮಕ್ಕಳು ಕೂಡಿ ಮುಗ್ಗುಗಳನ್ನು ಬರೆದಿರುತ್ತಾರೆ. ನಾವು ಅದನ್ನೇ ರಂಗೋಲಿ ಎನ್ನುತ್ತೇವೆ. ಒಬ್ಬಳು ಚುಕ್ಕಿಯಿಟ್ಟರೆ ಮತ್ತೊಬ್ಬಳು ಗೆರೆಯೆಳೆಯುತ್ತಾಳೆ; ಮೂರನೆಯವಳು ತಪ್ಪಿದುದನ್ನು ಒರೆಸಿ ತಿದ್ದುತ್ತಾಳೆ. ಇದನ್ನು ಕಂಡಾಗಲೆಲ್ಲ, ನೂರು ವರ್ಷಗಳಿಗೂ ಹಿಂದೆ ಹೈದರಾಬಾದು ಸಂಸ್ಥಾನದ ಮೇರೆಯೊಳಗೇ ಹಲವರು ಕೂಡಿ ಗೆರೆಯೆಳೆದ ಒಂದು ಪ್ರಸಂಗವೂ, ಅವರ ನಡುವೆ ಇದ್ದ ಒಬ್ಬ ಕನ್ನಡಿಗರೂ ನಮ್ಮ ನೆನಪಿಗೆ ಬರುವುದುಂಟು.

ವೆಂಕಟಪ್ಪನವರು ಜನಿಸಿದುದು 1886ರಲ್ಲಿ, ಮೈಸೂರಿನಲ್ಲಿ. ಅವರದು ಅರಮನೆಯನ್ನು ಆಶ್ರಯಿಸಿದ್ದ ಚಿತ್ರಗಾರರ ಮನೆತನ. ಬಾಲಕನ ಕೈಚಳಕವು ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂದಿತು. ಮಹಾರಾಜರ ನೆರವಿನಿಂದ ಅವರು 1909ರಲ್ಲಿ ಕಲಕತ್ತೆಯ ಸರಕಾರಿ ಕಲಾಶಾಲೆಯನ್ನು ಸೇರಿ, ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸರು ಅಲ್ಲಿ ಅವರಿಗೆ ಒಡನಾಡಿಗಳು.

ಆ ಕಾಲದಲ್ಲಿಯೇ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆಯು ಅಜಂತೆಯ ಭಿತ್ತಿಚಿತ್ರಗಳು ಅಳಿದುಹೋಗುವ ಮೊದಲು ಅವುಗಳ ಪ್ರತಿಗಳನ್ನು ತೆಗೆಯಬೇಕೆಂದು ಬಂದಿದ್ದಳು. ಅಜಂತೆಯು ಆಗ ನಿಜಾಮರ ರಾಜ್ಯಕ್ಕೆ ಸೇರಿತ್ತು. 1909ರಿಂದ 1911ರವರೆಗಿನ ಚಳಿಗಾಲಗಳಲ್ಲಿ ಆ ಕಾರ್ಯ ನಡೆಯಿತು. ಕಲಕತ್ತೆಯಿಂದ ನಂದಲಾಲರು, ಅಸಿತಕುಮಾರ ಹಾಲ್ದಾರರು, ಸಮರೇಂದ್ರನಾಥ ಗುಪ್ತರು, ನಮ್ಮ ವೆಂಕಟಪ್ಪನವರು. ಹೈದರಾಬಾದಿನಿಂದ ಸಯ್ಯದ್ ಅಹಮದ್ ಮತ್ತು ಫಜಲುದ್ದೀನರು. ಭಾಷೆ ಬೇರೆ, ಮತ ಬೇರೆ, ಊರು ಬೇರೆ. ಗುಹೆಯ ಮಬ್ಬಿನಲ್ಲಿ ಇವರೆಲ್ಲ ಒಂದೇ ಗೋಡೆಯ ಮುಂದೆ ನಿಂತರು. ಅಜಂತೆಯ ಚಿತ್ರಕಾರನು ಮೊದಲು ಕೆಂಪು ಬಣ್ಣದಿಂದ ಆಕೃತಿಯ ಹೊರರೇಖೆಯನ್ನು ಎಳೆದು, ಅನಂತರ ಬಣ್ಣ ತುಂಬುತ್ತಿದ್ದನು. ಸುಮಾರು ಸಾವಿರದ ಐನೂರು ವರ್ಷಗಳ ಹಿಂದಿನ ಆ ರೇಖೆಯನ್ನು ಅನುಸರಿಸಬೇಕಾದರೆ ತನ್ನ ಕೈಯ ಹಟವನ್ನು ಬಿಡಬೇಕು. ಹಟವನ್ನು ಬಿಡುವುದು ವೆಂಕಟಪ್ಪನವರಿಗೆ ಮುಂದೆಂದೂ ಸುಲಭವಾಗಲಿಲ್ಲ. ಆದುದರಿಂದಲೇ ಈ ಪ್ರಸಂಗ ನಮಗೆ ಹೆಚ್ಚು ಪ್ರಿಯ.

ಮುಂದೆ 1913ರಲ್ಲಿ, ಸೋದರಿ ನಿವೇದಿತೆ ಮತ್ತು ಆನಂದ ಕುಮಾರಸ್ವಾಮಿಯವರು ಬರೆದ ಪುರಾಣಕಥೆಗಳ ಗ್ರಂಥದಲ್ಲಿಯೂ ಅವರ ಚಿತ್ರಗಳು ಗುರು ಹಾಗೂ ಸಹಪಾಠಿಗಳ ಚಿತ್ರಗಳೊಡನೆ ಅಚ್ಚಾದವು. ಬಂಗಾಳದ ಅನೇಕರು ಬಣ್ಣವನ್ನು ಮಂಜಿನಂತೆ ಹರಡುತ್ತಿದ್ದಾಗ ಇವರು ಮಾತ್ರ ಗೆರೆಯ ಸ್ಪಷ್ಟತೆಯನ್ನು ಬಿಡಲಿಲ್ಲ.

1916ರ ಸುಮಾರಿಗೆ ಮೈಸೂರಿಗೆ ಮರಳಿದ ಮೇಲೆ ಅವರು ಬಹುಮಟ್ಟಿಗೆ ಏಕಾಂತವಾಸಿಗಳಾದರು. ವಿವಾಹವಾಗಲಿಲ್ಲ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಆ ಹುಚ್ಚು ಎಷ್ಟಾಯಿತೆಂದರೆ, ಚಿತ್ರಕಲೆಯನ್ನು ಮರೆಯಿಸಿದ ವೀಣೆಯ ಮೋಹವನ್ನೇ ವಿಷಯವಾಗಿಸಿಕೊಂಡು 1926ರಲ್ಲಿ ಒಂದು ಚಿತ್ರವನ್ನು ಬರೆದರು. ಉದಕಮಂಡಲ, ಕೊಡೈಕಾನಲ್‌ಗಳ ಬೆಟ್ಟಗಳನ್ನು ಜಲವರ್ಣದಲ್ಲಿ ಮೂಡಿಸಿದರು. ಮೈಸೂರು ಅರಮನೆಗಾಗಿ ಪುರಾಣಪ್ರಸಂಗಗಳ ಉಬ್ಬುಶಿಲ್ಪಗಳನ್ನು ಗಚ್ಚಿನಲ್ಲಿ ರಚಿಸತೊಡಗಿದರು. 1940ರಲ್ಲಿ ಮಹಾರಾಜರು ತೀರಿಕೊಂಡರು. ಆ ಕಾರ್ಯ ನಿಂತಿತು. ತಮಗೆ ಸಲ್ಲಬೇಕಾದುದಕ್ಕಾಗಿ ಕಲಾವಿದರು ಸರಕಾರದ ಮೇಲೆ ನ್ಯಾಯಾಲಯದ ಮೆಟ್ಟಿಲೇರಿದರು. ಕಲಾವಿದನಿಗೇಕೆ ಹಣದ ಜಗಳವೆಂದು ಕೇಳುವವರಿದ್ದಾರೆ. ದುಡಿದ ಕೈಗೆ ಕೂಲಿಯನ್ನು ಕೇಳುವ ಹಕ್ಕುಂಟೆಂದೇ ನಮ್ಮ ಭಾವನೆ. ಆದರೆ ಅಂಥ ಕೈಯು ಒಬ್ಬರಾದರೂ ಶಿಷ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಜಂತೆಯಲ್ಲಿ ತಾನು ಪಡೆದುದನ್ನು ಧಾರಾಳವಾಗಿ ಹಂಚಿದ್ದರೆ ಎಂಬ ಕೊರಗೂ ನಮಗೆ ಇಲ್ಲದಿಲ್ಲ.

ಅವರು 1965ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ಹೆಸರಿನ ಚಿತ್ರಶಾಲೆಯು 1970ರ ದಶಕದಲ್ಲಿ ಅಲ್ಲಿಯ ಕಸ್ತೂರಬಾ ರಸ್ತೆಯಲ್ಲಿ ತೆರೆಯಿತು. ಬೆಂಗಳೂರಿಗೆ ಹೋಗಲಾಗದ ನಮ್ಮ ಬಾಲಕ ಬಾಲಕಿಯರು ಒಂದು ರಜೆಯ ದಿನ ಪಬ್ಲಿಕ್ ಗಾರ್ಡನ್ಸಿನ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಅಜಂತೆಯ ಗುಹೆಗಳಲ್ಲಿ ವೆಂಕಟಪ್ಪನವರ ಜೊತೆಗಿದ್ದ ಸಯ್ಯದ್ ಅಹಮದರು ಮೊದಲಾದವರು ಬರೆದ ಅಜಂತೆಯ ಪ್ರತಿಗಳು ಅಲ್ಲಿ ಇವೆ. ಹೋಗುವಾಗ ಪೆನ್ಸಿಲನ್ನೂ ಕಾಗದವನ್ನೂ ಮರೆಯದೆ ಒಯ್ಯಬೇಕು. ಒಬ್ಬೊಬ್ಬರೇ ಹೋಗದೆ ನಾಲ್ಕೈದು ಜನ ಕೂಡಿ ಹೋದರೆ ಇನ್ನೂ ಚೆನ್ನು.