ಪರರ ಅಂಗವನ್ನು ಒಪ್ಪದ ದೇಹ ಮತ್ತು ಮೆಡವಾರ್

ಯಕೃತ್ತಿನ ಕಸಿಯ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ ನನ್ನ ಕಿವಿಗೆ ಬೀಳುತ್ತದೆ. ಬಳ್ಳಾರಿಯಲ್ಲಾಗಲಿ, ಕುರುಗೋಡಿನಲ್ಲಾಗಲಿ, ಜನ ಮೊದಲು ವಿಚಾರಿಸುವುದು ದಾನಿಯ ಅಂಗಾಂಶ ಹೊಂದುತ್ತದೆಯೇ ಎಂದು. ಹೊಂದಲಾರದೆಂದು ತಾವೇ ತೀರ್ಮಾನಿಸಿ ಕೈಚೆಲ್ಲಿದವರನ್ನು ಕಂಡಿದ್ದೇನೆ. ಸಿರುಗುಪ್ಪದ ನನ್ನ ಬಂಧುವೊಬ್ಬರು ಕಸಿಯ ಬಳಿಕ ಚೆನ್ನಾಗಿ ಚೇತರಿಸಿಕೊಂಡು, ಇನ್ನು ಮಾತ್ರೆ ಏಕೆಂದು ನಿಲ್ಲಿಸಿಬಿಟ್ಟರು. ಅವರನ್ನು ಉಳಿಸಿಕೊಳ್ಳಲಾಗಲಿಲ್ಲ. ಈ ಎರಡು ತಪ್ಪು ತಿಳಿವಳಿಕೆಗಳನ್ನು ನೆನೆದಾಗ ಪೀಟರ್ ಮೆಡವಾರ್ ಅವರ ಬದುಕು ಕಣ್ಮುಂದೆ ಬರುತ್ತದೆ.

ಮೆಡವಾರ್ ಹುಟ್ಟಿದ್ದು 1915ರಲ್ಲಿ, ಬ್ರೆಜಿಲ್‌ನಲ್ಲಿ. ತಂದೆ ಲೆಬನಾನ್ ಮೂಲದವರು, ತಾಯಿ ಇಂಗ್ಲಿಷ್ ಮಹಿಳೆ. ಆಕ್ಸ್‌ಫರ್ಡ್‌ನಲ್ಲಿ ಪ್ರಾಣಿಶಾಸ್ತ್ರ ಓದಿದ ಅವರು ವೈದ್ಯರಲ್ಲ. ಎರಡನೆಯ ಮಹಾಯುದ್ಧದಲ್ಲಿ ಅವರ ಮನೆಯ ಸಮೀಪವೇ ವಿಮಾನವೊಂದು ಬಿದ್ದು, ವೈಮಾನಿಕನ ಮೈ ಸುಟ್ಟುಹೋಯಿತು. ಅನ್ಯರ ಚರ್ಮವನ್ನು ಹಚ್ಚಿ ಇಂಥವರನ್ನು ಬದುಕಿಸಬಹುದೇ ಎಂಬ ಪ್ರಶ್ನೆ ಅವರನ್ನು ಗ್ಲಾಸ್ಗೋದ ಆಸ್ಪತ್ರೆಗೆ ಕರೆದೊಯ್ದಿತು. ಅಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಅವರೊಡನೆ, ಸುಟ್ಟಗಾಯಗಳಾಗಿದ್ದ ಮಹಿಳೆಗೆ ಆಕೆಯ ಸೋದರನ ಚರ್ಮವನ್ನು ಕಸಿ ಮಾಡಿ ಪರೀಕ್ಷಿಸಿದರು. ಅದು ಉಳಿಯಲಿಲ್ಲ. ಎರಡನೆಯ ಬಾರಿ ಹಚ್ಚಿದ ಚರ್ಮ ಮೊದಲಿಗಿಂತ ಬೇಗ ನಾಶವಾಯಿತು. ದೇಹ ಅನ್ಯ ಅಂಗಾಂಶವನ್ನು ಗುರುತಿಟ್ಟು ನೆನಪಿನಲ್ಲಿರಿಸಿಕೊಳ್ಳುತ್ತದೆ, ತಿರಸ್ಕಾರವೆಂಬುದು ರೋಗನಿರೋಧಕ ಶಕ್ತಿಯದೇ ಕೆಲಸ ಎಂಬ ಅರಿವು 1943ರಲ್ಲಿ ಹೀಗೆ ಪ್ರಕಟವಾಯಿತು.

ಈ ವೈರವನ್ನು ಶಮನಗೊಳಿಸಬಹುದು ಎಂಬುದನ್ನೂ ಅವರೇ ತೋರಿಸಿದರು. ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಅವರೊಡಗೂಡಿ, ಇನ್ನೂ ಗರ್ಭದಲ್ಲಿದ್ದ ಇಲಿಮರಿಗಳಿಗೆ ಬೇರೊಂದು ತಳಿಯ ಜೀವಕೋಶಗಳನ್ನು ಚುಚ್ಚಿದರು. ಅವುಗಳಲ್ಲಿ ಕೆಲವು ದೊಡ್ಡವಾದ ಮೇಲೆ ಆ ತಳಿಯ ಚರ್ಮವನ್ನು ತಮ್ಮದೆಂದೇ ಒಪ್ಪಿಕೊಂಡವು. 1953ರ ಈ ಶೋಧಕ್ಕಾಗಿ 1960ರಲ್ಲಿ ಬರ್ನೆಟ್ ಅವರೊಂದಿಗೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಮೂರೇ ವರ್ಷಗಳಲ್ಲಿ, 1963ರಲ್ಲಿ, ಅಮೆರಿಕದ ಥಾಮಸ್ ಸ್ಟಾರ್ಜ್ಲ್ ಮನುಷ್ಯನ ಮೇಲೆ ಮೊದಲ ಯಕೃತ್ ಕಸಿಗೆ ಕೈಹಾಕಿದರು. ಯಶಸ್ಸು ಸಿಕ್ಕಿದ್ದು 1967ರಲ್ಲಿ. ಮುಂದೆ ಸೈಕ್ಲೋಸ್ಪೋರಿನ್, ಟ್ಯಾಕ್ರೊಲಿಮಸ್ ಔಷಧಗಳು ಬಂದು ತಿರಸ್ಕಾರಕ್ಕೆ ಕಡಿವಾಣ ಬಿದ್ದಿತು. ಯಕೃತ್ತಿನದು ಮೂತ್ರಪಿಂಡಕ್ಕಿಂತ ಸೌಮ್ಯ ಸ್ವಭಾವ. ರೊಯ್ ಕಾಲ್ನ್ 1969ರಲ್ಲಿ ವರದಿ ಮಾಡಿದಂತೆ, ಕಸಿ ಮಾಡಿದ ಯಕೃತ್ತನ್ನು ಕೆಲವು ಹಂದಿಗಳು ಔಷಧವಿಲ್ಲದೆಯೇ ಒಪ್ಪಿಕೊಂಡಿದ್ದವು. ಆದ್ದರಿಂದಲೇ ಮೂತ್ರಪಿಂಡಕ್ಕೆ ಮಾಡುವಷ್ಟು ಅಂಗಾಂಶ ಹೊಂದಾಣಿಕೆಯನ್ನು ಯಕೃತ್ತಿಗೆ ಸಾಮಾನ್ಯವಾಗಿ ಕಡ್ಡಾಯ ಮಾಡುವುದಿಲ್ಲ. ರಕ್ತದ ಗುಂಪು, ಯಕೃತ್ತಿನ ಗಾತ್ರ, ದಾನಿಯ ಆರೋಗ್ಯ ಇವೇ ಮುಖ್ಯ. ಹಾಗಾಗಿ ವೈದ್ಯರು ಪರೀಕ್ಷಿಸುವ ಮೊದಲೇ ಮನೆಯವರು ಆಸೆ ಬಿಡುವುದು ಸಲ್ಲದು.

ಆದರೆ ಸೌಮ್ಯವೆಂದ ಮಾತ್ರಕ್ಕೆ ತಿರಸ್ಕಾರವಿಲ್ಲವೆಂದಲ್ಲ. ಮೊದಲ ಕೆಲವು ತಿಂಗಳುಗಳಲ್ಲಿ ಅಪಾಯ ಹೆಚ್ಚು. ಆಗ ಬಹುಪಾಲು ಪ್ರಸಂಗಗಳಲ್ಲಿ ಸ್ಟೀರಾಯ್ಡ್ ಕೊಟ್ಟು ಸರಿಪಡಿಸಬಹುದು, ಆದರೆ ಯಕೃತ್ತಿನ ರಕ್ತಪರೀಕ್ಷೆ ತಪ್ಪದೆ ನಡೆದು, ಏರುಪೇರು ಬೇಗ ಗೊತ್ತಾಗಬೇಕು. ಗ್ಲಾಸ್ಗೋದಲ್ಲಿ ಕಂಡಂತೆ ದೇಹಕ್ಕೆ ಮರೆವಿಲ್ಲ. ವರ್ಷಗಳ ನಂತರವೂ ಔಷಧ ಬಿಟ್ಟರೆ ಅದು ಎಚ್ಚತ್ತುಕೊಳ್ಳುತ್ತದೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕಸಿ ಮಾಡಿಸಿಕೊಂಡು ಊರಿಗೆ ಮರಳುವ ನಮ್ಮವರಿಗೆ ಇದನ್ನು ಕೂರಿಸಿಕೊಂಡು ತಿಳಿಸುವವರು ಬೇಕು.

1969ರಲ್ಲಿ ಮೆದುಳಿನ ರಕ್ತಸ್ರಾವ ಮೆಡವಾರ್ ಅವರ ಅರ್ಧ ಮೈಯನ್ನು ಕುಗ್ಗಿಸಿತು. ಆದರೂ ಪತ್ನಿ ಜೀನ್ ಅವರ ಆಸರೆಯಲ್ಲಿ ಬರೆದರು, ಪ್ರಯೋಗಾಲಯವನ್ನು ಬಿಡಲಿಲ್ಲ. 1987ರ ಅಕ್ಟೋಬರ್ 2ರಂದು ತೀರಿಕೊಂಡರು. ಅವರು ಹಾಕಿದ ದಾರಿಯಲ್ಲಿ ನಡೆದು ಬದುಕಿದವರು ಅಸಂಖ್ಯ. ನನ್ನ ಬಂಧುವೂ ಆ ದಾರಿಯಲ್ಲೇ ಇದ್ದರು. ದಿನಕ್ಕೆ ಎರಡು ಹೊತ್ತಿನ ಮಾತ್ರೆ ಅವರನ್ನು ಅಲ್ಲಿಯೇ ಇರಿಸುತ್ತಿತ್ತು.