ಓಟೊ ವಿಖ್ಟರ್ಲೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗಳಿಗೆ ಹೆಸರಾದ ಊರು. ನೆರೆಯ ಚಳ್ಳಕೆರೆ ಕುರಿಯ ಉಣ್ಣೆಯ ಕಂಬಳಿಗಳಿಗೆ. ರೇಷ್ಮೆಯಾಗಲಿ ಉಣ್ಣೆಯಾಗಲಿ, ಚಿಕ್ಕ ಅಣುಗಳು ಸರಪಳಿಯ ಕೊಂಡಿಗಳಂತೆ ಕೂಡಿ ಆದ ವಸ್ತು. ಇಂತಹ ವಸ್ತುಗಳಿಗೆ ಪಾಲಿಮರ್ ಎಂದು ಹೆಸರು. ಹುಳುವೂ ಕುರಿಯೂ ಸಹಜವಾಗಿ ಮಾಡುವ ಈ ಹೆಣಿಗೆಯನ್ನು ಪ್ರಯೋಗಶಾಲೆಯಲ್ಲಿ ಸಾಧಿಸಿ, ಲೋಕದ ಕಣ್ಣಿಗೆ ನೆರವಾದವರು ಚೆಕೊಸ್ಲೊವಾಕಿಯದ ರಸಾಯನ ವಿಜ್ಞಾನಿ ಓಟೊ ವಿಖ್ಟರ್ಲೆ.

ಅವರು 1913ರ ಅಕ್ಟೋಬರ್ 27ರಂದು ಜನಿಸಿದರು. ಪ್ರಾಗ್ ನಗರದಲ್ಲಿ ರಸಾಯನಶಾಸ್ತ್ರವನ್ನು ಕಲಿತು ಅಲ್ಲಿಯೇ ಕೆಲಸಕ್ಕೆ ಸೇರಿದರು. 1939ರಲ್ಲಿ ನಾಜಿಗಳು ದೇಶವನ್ನು ಆಕ್ರಮಿಸಿ ಚೆಕ್ ವಿಶ್ವವಿದ್ಯಾಲಯಗಳನ್ನು ಮುಚ್ಚಿಸಿದರು. ಆಗ ಆಶ್ರಯವಿತ್ತದ್ದು ಝ್ಲೀನ್ ಪಟ್ಟಣದ ಬಾಟಾ ಕಾರ್ಖಾನೆ. ಪಾದರಕ್ಷೆಗಳಿಂದ ನಮಗೆಲ್ಲ ಪರಿಚಿತವಾದ ಬಾಟಾವೇ ಅದು. ಅಲ್ಲಿ ಅವರು ನೈಲಾನ್ ಜಾತಿಯ ಸಿಲೋನ್ ಎಂಬ ಎಳೆಯನ್ನು ತಯಾರಿಸಿದರು. ಅಣುಗಳ ಬೆಸುಗೆಯನ್ನು ನೋಡಿದರೆ ಇದು ರೇಷ್ಮೆಯ ದೂರದ ನೆಂಟ. 1942ರಲ್ಲಿ ನಾಜಿಗಳ ಗುಪ್ತ ಪೊಲೀಸರು ಅವರನ್ನು ಬಂಧಿಸಿ ಕೆಲವು ತಿಂಗಳು ಸೆರೆಯಲ್ಲಿಟ್ಟರು.

ಯುದ್ಧಾನಂತರ ಅವರು ಪ್ರಾಗ್‌ಗೆ ಮರಳಿದರು. ಕಣ್ಣಿನೊಳಗೆ ಇಡಲು ತಕ್ಕ ವಸ್ತು ಯಾವುದೆಂಬ ಪ್ರಶ್ನೆ 1952ರಲ್ಲಿ ರೈಲು ಪ್ರಯಾಣವೊಂದರ ಮಾತುಕತೆಯಲ್ಲಿ ಎದ್ದಿತು. ಗಾಜು, ಲೋಹಗಳು ದೇಹಕ್ಕೆ ಪರಕೀಯ. ನೀರನ್ನು ತುಂಬಿಕೊಂಡು ಮೃದುವಾಗಿರುವ ವಸ್ತುವೇ ಒಳ್ಳೆಯದೆಂದು ಅವರಿಗೆ ಹೊಳೆಯಿತು. ದ್ರಹೊಸ್ಲಾವ್ ಲೀಮ್ ಎಂಬ ಸಹೋದ್ಯೋಗಿಯೊಡನೆ ಅಂತಹ ಪಾಲಿಮರನ್ನು ಸಿದ್ಧಪಡಿಸಿದರು. ಅದರ ಸರಪಳಿಗಳು ಬಲೆಯಂತೆ ಅಡ್ಡಲಾಗಿ ಹೆಣೆದುಕೊಂಡಿರುತ್ತವೆ. ಆದುದರಿಂದ ಅದು ನೀರಿನಲ್ಲಿ ಕರಗದು, ನೀರನ್ನು ಹೀರಿ ಉಬ್ಬುತ್ತದೆ. ಉಬ್ಬಿದಾಗ ಅದರಲ್ಲಿ ಶೇಕಡ 40ರಷ್ಟು ನೀರೇ ಇರುತ್ತದೆ. ಇದೇ ಹೈಡ್ರೋಜೆಲ್. ನೆನೆದ ಕಾಮಕಸ್ತೂರಿ ಬೀಜದ ಸುತ್ತಲಿನ ಲೋಳೆಯನ್ನು ಕಂಡವರಿಗೆ ಇದರ ಸ್ವರೂಪ ಸುಲಭವಾಗಿ ತಿಳಿದೀತು.

ಆದರೆ 1958ರಲ್ಲಿ ರಾಜಕೀಯ ಕಾರಣಗಳಿಂದ ಅವರು ಅಧ್ಯಾಪಕ ಪದವಿಯನ್ನು ಕಳೆದುಕೊಂಡರು. ಅಚ್ಚಿನಲ್ಲಿ ಎರಕ ಹೊಯ್ದ ಮಸೂರಗಳ ಅಂಚು ಒರಟಾಗಿ ಕಣ್ಣನ್ನು ಕೆರಳಿಸುತ್ತಿತ್ತು. ಸರ್ಕಾರ ಈ ಪ್ರಯೋಗಗಳಿಗೆ ಬೆಂಬಲವನ್ನು ನಿಲ್ಲಿಸಿತು. ವಿಖ್ಟರ್ಲೆ ಎದೆಗುಂದಲಿಲ್ಲ. 1961ರ ಕ್ರಿಸ್‌ಮಸ್ ದಿನಗಳಲ್ಲಿ ಮಕ್ಕಳ ಆಟದ ಲೋಹದ ಪಟ್ಟಿ, ತಿರುಪುಗಳನ್ನು ಜೋಡಿಸಿ, ಸೈಕಲ್ಲಿನ ಡೈನಮೊ ಮತ್ತು ಕರೆಗಂಟೆಯ ಟ್ರಾನ್ಸ್‌ಫಾರ್ಮರ್ ಸೇರಿಸಿ, ಮನೆಯ ಮೇಜಿನ ಮೇಲೆಯೇ ಯಂತ್ರವೊಂದನ್ನು ಕಟ್ಟಿದರು. ತಿರುಗುವ ಪುಟ್ಟ ಬಟ್ಟಲಿನಲ್ಲಿ ಬಿಟ್ಟ ದ್ರವವು ಅಂಚಿನ ಕಡೆಗೆ ಹರಡಿ, ನಯವಾದ ಮಸೂರವಾಗಿ ಗಟ್ಟಿಯಾಯಿತು! ಅಂದು ದೊರೆತದ್ದು ನಾಲ್ಕು ಮಸೂರಗಳು. ವೈದ್ಯೆಯಾಗಿದ್ದ ಪತ್ನಿಯ ನೆರವಿನಿಂದ ಮುಂದಿನ ಕೆಲವೇ ತಿಂಗಳಲ್ಲಿ ಸಾವಿರಾರು ತಯಾರಾದವು.

ಈ ವಿಧಾನದ ಹಕ್ಕು ಅಮೆರಿಕದ ಕಂಪನಿಯೊಂದಕ್ಕೆ ಮಾರಾಟವಾಯಿತು; ಕಂಡುಹಿಡಿದವರ ಪಾಲಿಗೆ ಬಂದುದು ಅತ್ಯಲ್ಪ. 1968ರ ಸ್ವಾತಂತ್ರ್ಯದ ಚಳವಳಿಯನ್ನು ಬೆಂಬಲಿಸಿದ್ದಕ್ಕಾಗಿ, ತಾವೇ ಕಟ್ಟಿದ ಸಂಶೋಧನಾಲಯದ ನಿರ್ದೇಶಕತ್ವವೂ ಹೋಯಿತು. ದೇಶದಲ್ಲಿ ಆಡಳಿತ ಬದಲಾದ ಬಳಿಕ, 1990ರಲ್ಲಿ, ವಿಜ್ಞಾನ ಅಕಾಡೆಮಿಯ ಅಧ್ಯಕ್ಷ ಪೀಠ ಅವರನ್ನು ಅರಸಿ ಬಂದಿತು. 1998ರ ಆಗಸ್ಟ್ 18ರಂದು ಅವರು ನಿಧನ ಹೊಂದಿದರು.

ಸಿಲೋನಿನ ಜಾತಿಯ ನೈಲಾನಿಗೆ ಜೇಡಿಮಣ್ಣಿನ ಅತಿಸೂಕ್ಷ್ಮ ಪದರಗಳನ್ನು ಬೆರೆಸಿ ಬಲಪಡಿಸುವ ವಿದ್ಯೆಯನ್ನು 1980ರ ದಶಕದಲ್ಲಿ ಜಪಾನಿನ ಟೊಯೋಟಾ ಸಂಸ್ಥೆಯವರು ಸಾಧಿಸಿದರು. ಹೈಡ್ರೋಜೆಲ್ ಹೊಲಕ್ಕೂ ಇಳಿದಿದೆ. ಚಳ್ಳಕೆರೆಯಂತೆ ಮಳೆ ಕಡಿಮೆಯಾದ ಸೀಮೆಗಳ ಬೇಸಾಯಕ್ಕೆ ಒದಗಲೆಂದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಪೂಸಾ ಹೈಡ್ರೋಜೆಲ್ ಎಂಬ ಹರಳನ್ನು ರೂಪಿಸಿದೆ. ಮಣ್ಣಿನಲ್ಲಿ ಬೆರೆತ ಆ ಹರಳು ಮಳೆ ಬಂದಾಗ ನೀರು ಕುಡಿದು ಉಬ್ಬಿ, ನೆಲ ಒಣಗಿದಾಗ ಅದನ್ನು ಬೇರಿಗೆ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ.