ಪರಮಾಣುವಿಗೆ ಗಂಟೆ ಕಟ್ಟಿದ ಹೆವೆಶಿ

ಮಕ್ಕಳೇ, ಕಾಡಿಗೆ ಮೇಯಲು ಹೋಗುವ ಹಸುವಿನ ಕೊರಳಿಗೆ ಗಂಟೆ ಕಟ್ಟುವುದನ್ನು ನೀವು ನೋಡಿರಬಹುದು. ಹಸು ಕಾಣದಿದ್ದರೂ ಗಂಟೆಯ ಸದ್ದಿನಿಂದ ಅದು ಎಲ್ಲಿದೆಯೆಂದು ತಿಳಿಯುತ್ತದೆ. ದೇಹದೊಳಗೆ ಹೋದ ಪರಮಾಣುಗಳಿಗೂ ಹೀಗೆ ಗಂಟೆ ಕಟ್ಟಲು ಸಾಧ್ಯವೇ? ಸಾಧ್ಯ ಎಂದು ತೋರಿಸಿದ ವಿಜ್ಞಾನಿ ಜಾರ್ಜ್ ದ ಹೆವೆಶಿ.

ಹೆವೆಶಿ ಹುಟ್ಟಿದ್ದು 1885ರ ಆಗಸ್ಟ್ 1ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. 1911ರಲ್ಲಿ ಅವರು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫರ್ಡ್ ಅವರ ಪ್ರಯೋಗಾಲಯ ಸೇರಿದರು. ಸೀಸದಲ್ಲಿ ಬೆರೆತಿದ್ದ ರೇಡಿಯಂ-ಡಿ ಎಂಬ ವಿಕಿರಣಪಟು ವಸ್ತುವನ್ನು ಬೇರ್ಪಡಿಸುವ ಕೆಲಸವನ್ನು ರುದರ್‌ಫರ್ಡ್ ಅವರಿಗೆ ವಹಿಸಿದರು. ಎಷ್ಟು ಪ್ರಯತ್ನಿಸಿದರೂ ಅದು ಬೇರೆಯಾಗಲಿಲ್ಲ. ಏಕೆಂದರೆ ಅದು ಸೀಸದ್ದೇ ಸಮಸ್ಥಾನಿ. ಎರಡರ ರಾಸಾಯನಿಕ ಗುಣವೂ ಒಂದೇ.

ಈ ಸೋಲಿನಲ್ಲೇ ಹೆವೆಶಿಗೆ ಹೊಸ ದಾರಿ ಕಂಡಿತು. ಬೇರ್ಪಡದ ವಸ್ತು ಸೀಸ ಹೋದಲ್ಲೆಲ್ಲ ಹೋಗುತ್ತದೆ. ಅದರ ವಿಕಿರಣವನ್ನು ಅಳೆದರೆ ಸೀಸದ ಜಾಡು ಸಿಗುತ್ತದೆ! 1913ರಲ್ಲಿ ವಿಯೆನ್ನಾದಲ್ಲಿ ಪ್ಯಾನೆತ್ ಅವರೊಡನೆ ಇದನ್ನು ಪ್ರಯೋಗದಿಂದ ತೋರಿಸಿದರು. 1923ರಲ್ಲಿ ಹುರುಳಿಕಾಯಿ ಜಾತಿಯ ಗಿಡ ಸೀಸವನ್ನು ಹೇಗೆ ಹೀರುತ್ತದೆಂದು ಇದೇ ವಿಧಾನದಿಂದ ಕಂಡುಕೊಂಡರು. 1935ರಲ್ಲಿ ಇಲಿಗಳಿಗೆ ವಿಕಿರಣಪಟು ರಂಜಕ ಕೊಟ್ಟು, ಮೂಳೆಯಲ್ಲಿರುವ ರಂಜಕವೂ ಸದಾ ಬದಲಾಗುತ್ತಿರುತ್ತದೆಂದು ತಿಳಿಸಿದರು.

1938ರಲ್ಲಿ ಹೆವೆಶಿ ಮತ್ತು ಅವರ ಸಹೋದ್ಯೋಗಿ ಅದೇ ರಂಜಕವನ್ನು ಮೇಕೆಗೆ ಕೊಟ್ಟು ಹಾಲನ್ನು ಪರೀಕ್ಷಿಸಿದರು. ಗುರುತಿನ ರಂಜಕ ಹಾಲಿನಲ್ಲಿತ್ತು! ತಾಯಿಯ ರಕ್ತಕ್ಕೆ ಸೇರಿದ್ದು ಹಾಲಿಗೂ ಬರಬಲ್ಲದು ಎಂಬುದು ಇದರಿಂದ ಸ್ಪಷ್ಟವಾಯಿತು.

ಹೆವೆಶಿಯವರಿಗೆ 1943ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. 1966ರಲ್ಲಿ ನಿಧನರಾದರು. ಅವರ ವಿಧಾನ ಇಂದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಮೂಳೆ, ಹೃದಯ, ಮೂತ್ರಪಿಂಡಗಳ ಸ್ಕ್ಯಾನ್‌ಗೆ ಹೆಚ್ಚಾಗಿ ಟೆಕ್ನೀಶಿಯಂ-99ಎಂ ಬಳಸುತ್ತಾರೆ.

ಎದೆಹಾಲುಣಿಸುವ ತಾಯಿಗೆ ಇಂಥ ಸ್ಕ್ಯಾನ್ ಮಾಡಿದರೆ ಮಗುವಿಗೆ ಅಪಾಯವೇ? ಉತ್ತರ ಕೊಟ್ಟ ವಸ್ತುವನ್ನು ಅವಲಂಬಿಸಿದೆ. ಟೆಕ್ನೀಶಿಯಂನ ಅರ್ಧಾಯು ಕೇವಲ 6 ಗಂಟೆ. ಮೂತ್ರದಲ್ಲೂ ಅದು ಹೊರಹೋಗುತ್ತದೆ. ಆದ್ದರಿಂದ ಕೆಲವು ಪರೀಕ್ಷೆಗಳ ನಂತರ ಹಾಲುಣಿಸುವುದನ್ನು ನಿಲ್ಲಿಸಬೇಕಿಲ್ಲ; ಇನ್ನು ಕೆಲವಕ್ಕೆ ಕೆಲವು ಗಂಟೆಗಳಿಂದ ಒಂದು ದಿನದವರೆಗೆ ನಿಲ್ಲಿಸಲು ಹೇಳುತ್ತಾರೆ. ಆಗ ಹಾಲನ್ನು ಹಿಂಡಿ ಚೆಲ್ಲುತ್ತಿದ್ದರೆ ಹಾಲು ಬತ್ತುವುದಿಲ್ಲ. ಆದರೆ ಅಯೋಡಿನ್-131ರ ಅರ್ಧಾಯು 8 ದಿನ. ಹಾಲಿನ ಮೂಲಕ ಬಂದ ಅದನ್ನು ಮಗುವಿನ ಥೈರಾಯ್ಡ್ ಗ್ರಂಥಿ ಹೀರಿಕೊಳ್ಳುತ್ತದೆ. ಅದನ್ನು ಪಡೆದ ತಾಯಿ ಆ ಮಗುವಿಗೆ ಮತ್ತೆ ಎದೆಹಾಲು ಕೊಡಬಾರದು.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಎಳೆಮಗುವಿನ ತಾಯಿ ಇದ್ದರೆ ಇಷ್ಟು ತಿಳಿಸಿ: ಹೆದರಿ ತಾವಾಗಿಯೇ ಹಾಲು ಬಿಡಿಸಬಾರದು, ಸ್ಕ್ಯಾನ್‌ಗೆ ಮೊದಲೇ ಹಾಲುಣಿಸುತ್ತಿರುವ ವಿಷಯವನ್ನು ವೈದ್ಯರಿಗೆ ಹೇಳಬೇಕು.

ಮಾಡಿ ನೋಡಿ: 160 ಹುಣಸೆ ಬೀಜಗಳನ್ನು ಟೆಕ್ನೀಶಿಯಂ ಪರಮಾಣುಗಳೆಂದು ಭಾವಿಸಿ. 6 ಗಂಟೆಗೊಮ್ಮೆ ಅರ್ಧದಷ್ಟನ್ನು ತೆಗೆಯುತ್ತಾ ಹೋಗಿ. 24 ಗಂಟೆಗಳ ನಂತರ ಎಷ್ಟು ಉಳಿಯುತ್ತವೆ?